ಒಸಾಕಾದಲ್ಲಿ ತಮ್ಮನ ಬಲಗೈ

ಜಪಾನಿನಿಂದ ಬಂದ ಮೇಲೆ ನಮ್ಮ ಬೀದಿಯ ಹೆಂಗಸರು ನನ್ನನ್ನು ಕೇಳಿದ್ದು ಎರಡೇ ವಿಷಯ. ಊಟಕ್ಕೆ ಏನು ಮಾಡಿಕೊಂಡ್ರಿ? ಅಲ್ಲಿ ಕಕ್ಕಸಿನ ಮುಚ್ಚಳ ತಾನೇ ಎದ್ದೇಳುತ್ತಂತೆ, ನಿಜವಾ? ಎರಡಕ್ಕೂ ಉತ್ತರ ಹೇಳಿ ಹೇಳಿ ಬಾಯಿಪಾಠವಾಗಿದೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಅವರು ಎದ್ದು ಹೋದ ಮೇಲೆ ಉಳಿದ ಮಾತು ಎದೆಯಲ್ಲಿ ಹಾಗೇ ಕೂತಿರುತ್ತದೆ. ನಾನು ಓದಿದ್ದು ಆರನೇ ಕ್ಲಾಸು. ಬರೆದು ರೂಢಿಯಿಲ್ಲ. ಆದರೆ ಮುಚ್ಚಳದ ಕತೆಯನ್ನಷ್ಟೇ ಹೇಳಿಕೊಂಡು ಓಡಾಡುವುದು ಸುಳ್ಳು ಹೇಳಿದ ಹಾಗೇ ಆಗುತ್ತದೆ. ಆ ಪ್ರವಾಸದಲ್ಲಿ ನಾನು ನೋಡಿದ್ದಕ್ಕಿಂತ ಹೆದರಿದ್ದೇ ಹೆಚ್ಚು.

ಹೊರಡುವ ಮುನ್ನ

ಇಟ್ಟಮಡುವಿನಲ್ಲಿ ನಮ್ಮದು ಹಳೇ ಮನೆ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆಯವರ ಸ್ಕೂಟರುಗಳು ನಿಲ್ಲುತ್ತವೆ. ನನ್ನ ತಮ್ಮ ನಾಗರಾಜ ನನಗಿಂತ ತುಂಬ ಚಿಕ್ಕವನು. ಅವನಿಗೆ ಹಲ್ಲು ಬರುವ ಮೊದಲೇ ಅವ್ವ ತೀರಿಕೊಂಡಳು. ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು. ನನ್ನ ಮದುವೆ ಉಳಿಯಲಿಲ್ಲ, ಅವನಿಗೆ ಮದುವೆ ಆಗಲೇ ಇಲ್ಲ. ಆ ಮನೆಯಲ್ಲಿ ಈಗಲೂ ನಾವಿಬ್ಬರೇ.

ಅವನಿಗೆ ಬನಶಂಕರಿ ಕಡೆಯ ಮೈದಾನಗಳಲ್ಲಿ ಒಂದು ಹೆಸರಿತ್ತು. ಭಾನುವಾರದ ಟೆನಿಸ್ ಬಾಲ್ ಮ್ಯಾಚುಗಳಿಗೆ ಅಂಪೈರು. ಬಲಗೈ ಬೀಸಿ ಫೋರ್ ಕೊಟ್ಟರೆ ನೀರು ಚಿಮುಕಿಸಿದಷ್ಟು ನಯ. ಔಟ್ ಕೊಡಲು ಮಾತ್ರ ಅವಸರವಿಲ್ಲ, ತೋರುಬೆರಳು ನಿಧಾನವಾಗಿ ಏಳುತ್ತಿತ್ತು. ಒಮ್ಮೆ ಔಟ್ ಕೊಟ್ಟು, ತಪ್ಪಾಯಿತೆಂದು ತಿಳಿದ ತಕ್ಷಣ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿ, ಬಲಗೈಯಲ್ಲಿ ಎಡಭುಜ, ಎಡಗೈಯಲ್ಲಿ ಬಲಭುಜ ಮುಟ್ಟಿದನಂತೆ. ಕೊಟ್ಟ ತೀರ್ಪು ವಾಪಸ್ ಎಂದು ಅದರ ಅರ್ಥ. ಹುಡುಗರು ಶಿಳ್ಳೆ ಹಾಕಿ ಗೇಲಿ ಮಾಡಿದ್ದರು. ಮನೆಗೆ ಬಂದು ನನಗೆ ಆ ಸನ್ನೆ ಮಾಡಿ ತೋರಿಸಿ, "ಇದನ್ನ ಮಾಡೋಕೆ ಗುಂಡಿಗೆ ಬೇಕು ಅಕ್ಕ" ಅಂದಿದ್ದ.

ಅವನಿಗೆ ಲಕ್ವ ಹೊಡೆದಾಗ ಬಲಗಾಲು, ಬಲಗೈ ಎರಡೂ ಸೋತವು. ಕಾಲು ಒಂದಿಷ್ಟು ಹಿಂದಿರುಗಿತು, ಕೋಲು ಊರಿ ನಡೆಯುತ್ತಾನೆ. ಕೈ ಮಾತ್ರ ಅರ್ಧ ಮುಚ್ಚಿಕೊಂಡು ತೊಡೆಯ ಮೇಲೆ ಬಿದ್ದಿರುತ್ತಿತ್ತು. ವ್ಯಾಯಾಮ ಮಾಡಿಸುವ ಡಾಕ್ಟರು, ಅಲ್ಲಾಡಿಸಿದಷ್ಟೂ ಬರುತ್ತದೆ, ಅವನಿಗೇ ಅಲ್ಲಾಡಿಸಬೇಕು ಅನ್ನಿಸಬೇಕು ಎಂದರು. ಅವರೇ ನಮ್ಮನ್ನು ಜಯನಗರದ ಒಂದು ಸಣ್ಣ ಕಂಪನಿಗೆ ಕಳಿಸಿದ್ದು. ಅಲ್ಲಿ ಕೈಗೆ ಕಟ್ಟುವ ಒಂದು ಬ್ಯಾಂಡು ಮಾಡುತ್ತಾರೆ. ಕಟ್ಟಿಕೊಂಡು ಮುಷ್ಟಿ ಬಿಗಿದು ಬಿಟ್ಟರೆ ಲೈಟು ಹತ್ತುತ್ತದೆ, ಚಿಟಿಕೆ ಹೊಡೆಯುವಂತೆ ಬೆರಳು ಕೂಡಿಸಿದರೆ ಫ್ಯಾನು ತಿರುಗುತ್ತದೆ. ಏಳಬೇಕಿಲ್ಲ, ಸ್ವಿಚ್ಚು ಮುಟ್ಟಬೇಕಿಲ್ಲ.

ಬ್ಯಾಂಡನ್ನೂ ಅದರ ಜೊತೆಯ ಡಬ್ಬಿಯನ್ನೂ ತಂದುಕೊಟ್ಟವಳು ಆ ಕಂಪನಿಯ ಸವಿತಾ. ಗದಗಿನ ಕಡೆಯ ಹುಡುಗಿ, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಾಳೆ. ನಮ್ಮ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹೇಳಿದಳು. "ದಿನಾ ಮುಂಜಾನಿ, ಸಂಜಿಕ ಅಣ್ಣಾರು ಮುಷ್ಟಿ ಬಿಗದು ಬಿಡ್ಬೇಕು. ಪೂರ್ತಿ ಆಗದಿದ್ರೂ ಅಡ್ಡಿಯಿಲ್ರಿ. ಮನಸು ಮಾಡಿದ್ರ ಸಾಕು, ಒಳಗ ನರ ಮಿಡೀತಾವು, ಇದು ಹಿಡ್ಕೋತೈತಿ. ಇದಕ್ಕ ಅವರ ಕೈ ಗುರ್ತು ಸಿಗಬೇಕು ನೋಡ್ರಿ. ಸಿಕ್ಕ ದಿನ ಈ ಡಬ್ಬಿ ಮ್ಯಾಲ ಹಸಿರು ದೀಪ ಹತ್ತತೈತಿ."

ಇನ್ನೊಂದು ಮಾತೂ ಹೇಳಿದಳು. ಒಸಾಕಾದಲ್ಲಿ ಇಂಥ ಸಾಮಾನುಗಳ ಪ್ರದರ್ಶನವಿದೆ, ಮನೆಯಲ್ಲಿ ಬಳಸುತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗಬೇಕು, ಯಾರ ಡಬ್ಬಿಯಲ್ಲಿ ಬೇಗ ಹಸಿರು ಬರುತ್ತದೋ ಅವರು, ಜೊತೆಗೆ ಮನೆಯವರೊಬ್ಬರು. ನಾನು ತಿರುಪತಿ ದಾಟಿ ಮುಂದೆ ಹೋದವಳಲ್ಲ.

ನಾಗ ಬೆಳಿಗ್ಗೆ ಸಂಜೆ ಕೂತು ಮುಷ್ಟಿ ಬಿಗಿಯಲು ನೋಡುತ್ತಿದ್ದ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಬೆರಳು ಕದಲುತ್ತಿರಲಿಲ್ಲ. "ನಾಯಿಗೆ ಕೈ ಕೊಡು ಅಂದ್ರೂ ಕೊಡುತ್ತೆ ಕಣಕ್ಕ" ಎಂದು ಒಂದು ದಿನ ಅತ್ತುಬಿಟ್ಟ. ನನಗೆ ನೋಡಲಾಗಲಿಲ್ಲ. ಮಧ್ಯಾಹ್ನ ಅವನು ಮಲಗಿದಾಗ ಬ್ಯಾಂಡು ಬಿಚ್ಚಿ ನನ್ನ ಕೈಗೆ ಕಟ್ಟಿಕೊಂಡೆ. ಹುಳಿ ಕುದಿಯುವಷ್ಟು ಹೊತ್ತು ಒಲೆಯ ಮುಂದೆ ನಿಂತು ಮುಷ್ಟಿ ಬಿಗಿದು ಬಿಟ್ಟೆ, ಬಿಗಿದು ಬಿಟ್ಟೆ. ಮಾರನೆಯ ದಿನವೂ, ಅದರ ಮಾರನೆಯ ದಿನವೂ.

ಮೋಸ ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ಅವನಿಗೆ ಜ್ವರ ಬಂದಾಗ ಉಪವಾಸ ಇದ್ದವಳು ನಾನು. ಅವನ ಹೆಸರಿನಲ್ಲಿ ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿದವಳು ನಾನು. ಅವನು ಹೊತ್ತ ಹರಕೆಗೆ ತಿರುಪತಿಯ ಮೆಟ್ಟಿಲು ಹತ್ತಿದವಳೂ ನಾನೇ. ದೇವರು ಎಲ್ಲವನ್ನೂ ಅವನ ಲೆಕ್ಕಕ್ಕೇ ಹಾಕಿಕೊಂಡ. ಮೆಷಿನ್ನೂ ಹಾಗೇ ಅಂದುಕೊಂಡೆ.

ಹಸಿರು ದೀಪ ಬಂತು. ಸವಿತಾ ಕುಣಿದಳು. ಅವನ ಕೈಗೂ ಒಂದೆರಡು ಸಲ ಲೈಟು ಹತ್ತಿತು. ಟಿಕೆಟ್ಟಾಯಿತು. ಇನ್ನಷ್ಟು ಗಟ್ಟಿಯಾಗಲಿ ಎಂದು ನಾನು ಮಧ್ಯಾಹ್ನದ ಕೆಲಸ ಬಿಡಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಮುಷ್ಟಿ ಬಿಗಿದಾಗ, ಒಳಗೆ ಮಲಗಿದ್ದ ಅವನ ತಲೆಯ ಮೇಲಿನ ಲೈಟು ಪಟ್ಟನೆ ಹತ್ತಿತು. ಸಂಜೆ ಅದೇ ಬ್ಯಾಂಡನ್ನು ಅವನಿಗೆ ಕಟ್ಟಿದೆ. ಹತ್ತಲಿಲ್ಲ. ಮಾರನೆಯ ದಿನವೂ ಹತ್ತಲಿಲ್ಲ. ಬ್ಯಾಂಡು ಕಲಿತದ್ದು ಯಾರ ಕೈ ಎಂದು ನನಗೆ ಆಗ ಗೊತ್ತಾಯಿತು. ಅವನು ತಿಳಿದುಕೊಂಡದ್ದು ಬೇರೆ. "ಮೊದ್ಲು ಹತ್ತುತ್ತಿತ್ತು, ಈಗ ಇಲ್ಲ. ಕೈ ಸಾಯ್ತಾ ಇದೆ ಅಕ್ಕ" ಅಂದ. ಆ ಹೊತ್ತಿಗೆ ಬಾಯಿ ಬಿಡಬೇಕಿತ್ತು. ನಾನು ಹೋಗಿ ಸೂಟ್‌ಕೇಸಿಗೆ ಬಟ್ಟೆ ತುಂಬಿದೆ.

ವಿಮಾನ ನಿಲ್ದಾಣ

ತಪಾಸಣೆಯಲ್ಲಿ ಬ್ಯಾಂಡನ್ನು ಬಿಚ್ಚಿ ತಟ್ಟೆಯಲ್ಲಿ ಇಡಿಸಿದರು. ಸಮವಸ್ತ್ರದವನು ಅದನ್ನು ತಿರುಗಿಸಿ ನೋಡಿದ.

"ಏನಿದು, ವಾಚಾ?"

"ರಿಮೋಟು ಸಾರ್" ಅಂದ ನಾಗ.

"ಯಾವುದಕ್ಕೆ?"

"ಸದ್ಯಕ್ಕೆ ಯಾವುದಕ್ಕೂ ಅಲ್ಲ."

ಅವನು ನಕ್ಕು ಬಿಟ್ಟುಕೊಟ್ಟ. ಬ್ಯಾಂಡನ್ನು ಮತ್ತೆ ಕಟ್ಟುವಾಗ ನಾನು ತಿರುವುಮುರುವು ಕಟ್ಟಿದ್ದು ಕಂಡು ಸವಿತಾ, "ವಿಮಾನಕ್ಕ ಅಂಜೀರೇನ್ರಿ ಅಕ್ಕಾರ? ಬಸ್ ಇದ್ದಂಗ ಐತ್ರಿ, ರಸ್ತಾದಾಗಿನ ಕುಣಿ ಇರಂಗಿಲ್ಲ ಅಷ್ಟ" ಅಂದಳು. ನಾನು ಹೌದು, ಅಂಜಿಕೆ ಅಂದೆ. ಎಂಥ ಅಂಜಿಕೆ ಎಂದು ಹೇಳಲಿಲ್ಲ.

ವಿಮಾನದಲ್ಲಿ ಊಟದ ಡಬ್ಬಿಯ ಮೇಲಿನ ಹಾಳೆಯನ್ನು ಅವನು ಎಡಗೈ ಚಾಚುವ ಮೊದಲೇ ಸುಲಿದು, ಅನ್ನ ಕಲಸಿ, ಚಮಚ ಅವನ ಕೈಗೆ ಕೊಟ್ಟೆ. ಅಷ್ಟೂ ಮುಗಿದ ಮೇಲೆ ಅವನು ನನ್ನ ಮುಖ ನೋಡಿದ.

ಒಸಾಕಾ, ಟ್ಯಾಕ್ಸಿ ಮತ್ತು ಹೋಟೆಲು

ನಿಲ್ದಾಣದ ಹೊರಗೆ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳೆಲ್ಲ ಬಿಳಿ ಕೈಗವಸು ಹಾಕಿಕೊಂಡು ಮದುವೆ ಮನೆಯ ಬ್ಯಾಂಡ್‌ಸೆಟ್ಟಿನವರ ಹಾಗಿದ್ದರು. ನಾಗ ಕೋಲು ಊರಿ ಮುಂದೆ ಹೋದ. ಬಲಗೈಯನ್ನು ಕಷ್ಟಪಟ್ಟು ಬಾಗಿಲ ಕಡೆ ಎತ್ತಿದ, ಒಂದು ಗೇಣಿನಷ್ಟು. ಬಾಗಿಲು ತಾನೇ ತೆರೆಯಿತು.

ಅವನ ಮುಖ ನೋಡಬೇಕಿತ್ತು. "ಅಕ್ಕಾ! ನೋಡಿದ್ಯಾ? ತೆಗೀತು!"

ಸವಿತಾ ತುಟಿ ಕಚ್ಚಿಕೊಂಡಳು. ಸುಳ್ಳು ಹೇಳಲು ಬಾರದ ಹುಡುಗಿ. "ಅಣ್ಣಾರ, ಇಲ್ಲಿ ಎಲ್ಲಾ ಟ್ಯಾಕ್ಸಿ ಬಾಗಿಲಾ ಹಂಗರೀ. ಡ್ರೈವರ್ ಒಳಗ ಕುಂತು ತಗೀತಾನ್ರಿ."

ನಾಗ ಜೋರಾಗಿ ನಕ್ಕ. ನಗುತ್ತಲೇ ಒಳಗೆ ಕೂತ. ಆಮೇಲೆ ಹೋಟೆಲು ಬರುವವರೆಗೂ ಕಿಟಕಿಯ ಹೊರಗೆ ನೋಡಿದ. ನನಗೆ ಊರೇ ಕಾಣಲಿಲ್ಲ, ಅವನ ಕುತ್ತಿಗೆಯ ಹಿಂಭಾಗವೇ ಕಂಡಿತು.

ಆ ಊರಿನಲ್ಲಿ ಎಲ್ಲವೂ ಮನುಷ್ಯನನ್ನು ಕಂಡು ತಾನೇ ಏಳುತ್ತದೆ. ಮುಂದೆ ನಿಂತರೆ ಬಾಗಿಲು ಸರಿಯುತ್ತದೆ, ಕೈ ಒಡ್ಡಿದರೆ ನಲ್ಲಿ ಸುರಿಯುತ್ತದೆ, ಓಣಿಯಲ್ಲಿ ನಡೆದರೆ ದೀಪ ಹತ್ತುತ್ತದೆ. ಕಕ್ಕಸಿನ ಮುಚ್ಚಳದ ಕತೆ ನಿಜ. ಪಕ್ಕದಲ್ಲಿ ಗುಂಡಿಗಳ ಸಾಲಿತ್ತು, ನಾನು ತೊಳೆಯುವುದು ಇದೇ ಇರಬೇಕೆಂದು ನಿಂತುಕೊಂಡೇ ಒಂದನ್ನು ಒತ್ತಿದೆ. ನೀರು ಪಿಚಕಾರಿಯ ಹಾಗೆ ಎದ್ದು ನನ್ನ ಸೀರೆ, ಹಿಂದಿನ ಗೋಡೆ, ಕನ್ನಡಿ ಎಲ್ಲವನ್ನೂ ತೋಯಿಸಿತು. ನಾನು ಕಿರುಚಿದೆ. ಹೊರಗಿನಿಂದ ನಾಗ, "ಅಕ್ಕಾ, ಒಳಗೆ ಇನ್ನೂ ಯಾರಾದ್ರೂ ಇದ್ದಾರಾ?" ಎಂದ. ಒದ್ದೆ ಸೀರೆಯಲ್ಲೇ ನಕ್ಕೆ. ಹೊರಗೆ ಬಂದಾಗ ಅವನು ನಲ್ಲಿಯ ಕೆಳಗೆ ಬಲಗೈ ಹಿಡಿದು ನಿಂತಿದ್ದ. ನೀರು ಸುರಿಯುತ್ತಿತ್ತು.

"ಇಲ್ಲಿ ಯಾರ ಕೈಗಾದ್ರೂ ಎಲ್ಲಾ ಹತ್ತುತ್ತೆ. ಮನುಷ್ಯ ಬೇಕಾಗಿಲ್ಲ, ಒಂದು ಸೌದೆ ತುಂಡು ಹಿಡಿದ್ರೂ ಸಾಕು" ಅಂದ.

ಹೋಟೆಲಿನ ಕೋಣೆ ನಮ್ಮ ಬಾಡಿಗೆ ರೂಮಿಗಿಂತ ಚಿಕ್ಕದು. ನಮ್ಮ ಬಾಡಿಗೆಯವರನ್ನು ಒಮ್ಮೆ ಇಲ್ಲಿ ಇರಿಸಬೇಕು ಅನ್ನಿಸಿತು. ಸವಿತಾ ಮೇಜಿನ ಮೇಲೆ ತನ್ನ ದೀಪ, ಡಬ್ಬಿ ಇಟ್ಟು ಅವನಿಗೆ ಅಭ್ಯಾಸ ಮಾಡಿಸಿದಳು. ಹತ್ತಲಿಲ್ಲ. ಅವಳ ಹತ್ತಿರ ಅವಳದೇ ಕೈ ಗುರುತಿನ ಇನ್ನೊಂದು ಬ್ಯಾಂಡಿತ್ತು. ಅದನ್ನು ಕಟ್ಟಿ ಮುಷ್ಟಿ ಬಿಗಿದರೆ ಕ್ಷಣವೂ ತಡವಿಲ್ಲ. ಹಾಗಾದರೆ ದೀಪ ಸರಿಯಿದೆ, ಡಬ್ಬಿ ಸರಿಯಿದೆ. ಚಳಿಗೆ ಕೈ ಬಿಗಿದಿರಬೇಕು ಅಂದಳು. ನಾಗನ ಬ್ಯಾಂಡು ಬಿಚ್ಚಿ ನನ್ನ ಕಡೆ ಚಾಚಿದಳು.

"ಅಕ್ಕಾರ, ನೀವೊಮ್ಮಿ ಹಾಕ್ಕೊಂಡು ನೋಡ್ರಿ. ಒಡಹುಟ್ಟಿದವರ ಕೈಗೆ ಒಮ್ಮೊಮ್ಮಿ ಹತ್ತತೈತ್ರಿ, ಬ್ಯಾಂಡು ಕೆಟ್ಟೈತೇನ ಅಂತ ತಿಳೀತೈತಿ."

ನನ್ನ ಎರಡೂ ಕೈಗಳು ಸೆರಗಿನೊಳಗೆ ಹೋದವು. "ನನಗೆ ಬೇಡಮ್ಮ. ಕರೆಂಟಿನ ಸಾಮಾನು, ಭಯ."

"ಮಿಕ್ಸಿ ಬಿಚ್ಚಿ ರಿಪೇರಿ ಮಾಡೋಳು! ಭಯವಂತೆ!" ನಾಗ ನಕ್ಕ. ಸವಿತಾ ನಗಲಿಲ್ಲ, ನನ್ನನ್ನೇ ಒಂದು ಗಳಿಗೆ ನೋಡಿದಳು. ನಾನು ಬುತ್ತಿ ಬಿಚ್ಚಿದೆ. ನನ್ನ ರಾಗಿ ಹುರಿಹಿಟ್ಟು, ಅವಳ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ರೈಲಿನಲ್ಲಿ

ಬೆಳಿಗ್ಗೆ ಪ್ರದರ್ಶನದ ಕಟ್ಟಡಕ್ಕೆ ರೈಲಿನಲ್ಲಿ ಹೊರಟೆವು. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರಸ್ತೆ ದಾಟಬೇಕಿತ್ತು. ಮನುಷ್ಯರಿಗೆ ಕೆಂಪು ದೀಪ. ರಸ್ತೆಯಲ್ಲಿ ಒಂದು ಗಾಡಿಯಿಲ್ಲ, ಒಂದು ಸೈಕಲ್ಲಿಲ್ಲ. ಆದರೂ ಆಫೀಸಿಗೆ ಹೋಗುವ ಅಷ್ಟೂ ಜನ ನಿಂತಿದ್ದರು. ನಾನು ಬನಶಂಕರಿ ಬಸ್‌ಸ್ಟ್ಯಾಂಡಿನ ಮುಂದೆ ಕೈ ತೋರಿಸಿ ಬಸ್ಸನ್ನೇ ನಿಲ್ಲಿಸಿ ದಾಟುವವಳು. ಒಂದು ಕಾಲು ಮುಂದಿಟ್ಟೆ. ಯಾರೂ ಬಯ್ಯಲಿಲ್ಲ, ಯಾರೂ ತಿರುಗಿಯೂ ನೋಡಲಿಲ್ಲ. ನಾನೇ ನಾಚಿ ಕಾಲು ಹಿಂದಕ್ಕೆ ತೆಗೆದುಕೊಂಡೆ. ಕಾಯುವುದು ಅವರಿಗೆ ಒಂದು ಕೆಲಸದ ಹಾಗೆ. ನನಗೆ ಅದು ಬಾರದು.

ರೈಲಿನ ಮುಂದಿನ ಬೋಗಿಯಲ್ಲಿ ನಿಂತರೆ ಗಾಜಿನಾಚೆ ಡ್ರೈವರು ಕಾಣುತ್ತಾನೆ. ಅವನೊಬ್ಬನೇ ಇದ್ದ. ಸಿಗ್ನಲ್ಲು ಬಂದಾಗಲೆಲ್ಲ ಬಿಳಿ ಕೈಗವಸಿನ ಕೈ ಎತ್ತಿ, ತೋರುಬೆರಳಿನಿಂದ ಅದನ್ನು ತೋರಿಸಿ, ಬಾಯಿ ಬಿಟ್ಟು ಏನೋ ಹೇಳುತ್ತಿದ್ದ.

"ಯಾರ ಹತ್ರ ಮಾತಾಡ್ತಾನೆ?" ಎಂದು ಕೇಳಿದೆ.

"ಯಾರ ಕೂಡಾನೂ ಅಲ್ರಿ" ಅಂದಳು ಸವಿತಾ. "ಕಂಡಿದ್ದನ್ನ ಕೈಲೆ ತೋರ್ಸಿ ಬಾಯಿಲೆ ಹೇಳಬೇಕ್ರಿ. ಸುಮ್ನ ನೋಡಿದ್ರ ಕಣ್ಣು ಮೋಸ ಮಾಡ್ತೈತಿ ಅಂತ. ಹೇಳಿದ್ರ ತಪ್ಪು ಆಗಂಗಿಲ್ಲ."

ನಾಗನಿಗೆ ಬೆರಗು. ಗಾಜಿಗೆ ಮೂಗು ತಾಗಿಸಿ ನಿಂತ. "ಯಾರೂ ನೋಡ್ದೆ ಇದ್ರೂ ಸಿಗ್ನಲ್ ಕೊಡ್ತಾನೆ ನೋಡಕ್ಕ! ಅಂಪೈರ್ ಅಂದ್ರೆ ಇವನು." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, ಗಾಜಿಗೇ ಹೇಳಿದ ಹಾಗೆ. "ಇವತ್ತೊಂದು ದಿನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಊರಿಗೆ ಹೋಗಿ ಬ್ಯಾಂಡು ವಾಪಸ್ ಕೊಟ್ಬಿಡೋಣ. ಆ ಡಾಕ್ಟ್ರ ಹತ್ರಾನೂ ಬೇಡ. ಎಣ್ಣೆ ಹಚ್ಚೋದೂ ಬೇಡ. ಇಲ್ದೇ ಇರೋ ಕೈಗೆ ಎಷ್ಟು ದಿನ ಅಂತ ಉಪಚಾರ ಮಾಡ್ತೀಯಾ?"

ಡ್ರೈವರು ಬೆರಳೆತ್ತಿ ಮುಂದಿನ ಸಿಗ್ನಲ್ಲು ತೋರಿಸಿದ. ನನ್ನ ಬಾಯಿಗೆ ಮಾತು ಬಂತು, ಹಲ್ಲಿನವರೆಗೂ ಬಂತು. ನಿಲ್ದಾಣ ಬಂತು ಅಂದಳು ಸವಿತಾ. ಇಳಿದೆವು.

ಪ್ರದರ್ಶನ

ದೊಡ್ಡ ಕಟ್ಟಡದೊಳಗೆ ಅಂಗಡಿಗಳ ಹಾಗೆ ಸಾಲು ಸಾಲು ಗೂಡು. ನಮ್ಮದರಲ್ಲಿ ಒಂದು ಕುರ್ಚಿ, ಮೇಜಿನ ಮೇಲೆ ದೀಪ, ಪಕ್ಕದಲ್ಲಿ ಫ್ಯಾನು. ನೆರವಿಗೆ ಒಬ್ಬ ಹಿರಿಯ ಹೆಂಗಸನ್ನು ಕೊಟ್ಟಿದ್ದರು. ನರೆಗೂದಲು, ಕೆನೆಬಣ್ಣದ ಏಪ್ರನ್. ಸವಿತಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರು ಬಂದವರಿಗೆ ಜಪಾನಿಯಲ್ಲಿ ಹೇಳಬೇಕು. ಏನು ಕೇಳಿದರೂ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಉತ್ತರ. ನಾಗ ಅವರಿಗೆ ಅಲ್ಲೇ ಹೆಸರಿಟ್ಟ, "ಥರ್ಡ್ ಅಂಪೈರ್."

ಜನ ಬಂದರು. ಗಾಲಿಕುರ್ಚಿಯಲ್ಲಿ ಗಂಡನನ್ನು ತಳ್ಳಿಕೊಂಡು ಬಂದವರು, ನರ್ಸುಗಳು, ಕೋಲು ಹಿಡಿದ ಮುದುಕರು. ಎಲ್ಲರೂ ನಾಗನಿಗೆ ಬಗ್ಗಿ ನಮಸ್ಕಾರ ಮಾಡಿದರು. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವನು ಇಸ್ತ್ರಿ ಮಾಡಿಸಿ ತಂದ ಬಿಳಿ ಶರಟು, ಅಂಪೈರಿಂಗಿಗೆ ಹೋಗುವಾಗ ಹಾಕುತ್ತಿದ್ದದ್ದು, ಆಗಲೇ ಬೆನ್ನಿನಲ್ಲಿ ಒದ್ದೆಯಾಗಿತ್ತು.

ಮುಷ್ಟಿ ಬಿಗಿಯಲು ನೋಡಿದ. ದೀಪ ಹತ್ತಲಿಲ್ಲ.

ನಮ್ಮ ಕಡೆ ಆಗಿದ್ದರೆ ಇಷ್ಟೊತ್ತಿಗೆ ನಾಲ್ಕು ಜನ ಮುಂದೆ ಬಂದು, "ಹಂಗಲ್ಲ ಸಾರ್, ಹಿಂಗೆ" ಎಂದು ಅವನ ಬೆರಳು ಮಡಿಸಿ, ಒಬ್ಬ ಪ್ಲಗ್ಗು ಎಳೆದು ಹಾಕಿ, ಇನ್ನೊಬ್ಬ ದೀಪದ ತಲೆಗೆ ಎರಡೇಟು ಕೊಟ್ಟಿರುತ್ತಿದ್ದ. ಇಲ್ಲಿ ಯಾರೂ ಅಲ್ಲಾಡಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ. ಕೈಗಳನ್ನು ಮುಂದೆ ಕಟ್ಟಿಕೊಂಡು, ಅವನ ಕೈ ನೋಡುತ್ತ ಸುಮ್ಮನೆ ನಿಂತರು. ಅವನು ಮತ್ತೆ ಬಿಗಿದ. ಮತ್ತೆ. ತಡೆಯಲಾಗದೆ ಮುಂದೆ ಹೋಗಿ ಅವನ ಬೆರಳುಗಳನ್ನು ನನ್ನ ಕೈಯಲ್ಲಿ ಹಿಡಿದು ಮಡಿಸಹೋದೆ. ಏಪ್ರನ್ನಿನ ಹೆಂಗಸು ನನ್ನ ಮುಂಗೈ ಮೇಲೆ ತಮ್ಮ ಕೈ ಇಟ್ಟರು. ಬಿಗಿಯಾಗಿ ಅಲ್ಲ, ಹೂವಿನ ಮೇಲಿನ ನೀರು ಒರೆಸುವಷ್ಟು ಮೆತ್ತಗೆ. ಅವನು ಮಾಡಲಿ, ನಾವು ಇದ್ದೇವೆ ಅನ್ನುವ ಹಾಗೆ ತಲೆಯಾಡಿಸಿದರು.

ನಾಗ ನೆಲ ನೋಡಿದ. "ಸಾಕು ಸವಿತಾ. ಬಿಚ್ಚಿಬಿಡು. ನಿನ್ನ ಕೈಯಲ್ಲೇ ತೋರಿಸು ಅವರಿಗೆ. ಇದು ಹೋಯ್ತು."

ಸವಿತಾ ಬ್ಯಾಂಡು ಬಿಚ್ಚಿ ಮೇಜಿನ ಮೇಲಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ನಾಗ ಎಡಗೈಯಿಂದ ಬಲಗೈಯನ್ನು ಎತ್ತಿ, ಬೇರೆ ಯಾರದೋ ಸಾಮಾನನ್ನು ಪಕ್ಕಕ್ಕಿಡುವ ಹಾಗೆ ಕುರ್ಚಿಯ ತೋಳಿನ ಮೇಲೆ ಇಟ್ಟ.

ನಾನು ಬ್ಯಾಂಡು ತೆಗೆದುಕೊಂಡೆ. ನನ್ನ ಕೈಗೆ ಕಟ್ಟಿಕೊಂಡೆ. ನನ್ನ ಬಲಗೈಯನ್ನು ಎಡಗೈ ಬೆರಳಿನಿಂದ ತೋರಿಸಿದೆ, ಆ ರೈಲಿನವನ ಹಾಗೆ. ಬಾಯಿ ಬಿಟ್ಟು ಹೇಳಿದೆ.

"ಇದು ಕಲಿತಿರೋದು ನನ್ನ ಕೈ. ನಿನ್ನದಲ್ಲ. ನೀನು ಮಲಗಿದ್ದಾಗ ದಿನಾ ನಾನು ಕಟ್ಕೊಂಡು ಮಾಡ್ದೆ. ನಿನ್ನ ಕೈ ಸತ್ತಿಲ್ಲ ನಾಗ. ನನಗೆ ಗೊತ್ತಿತ್ತು. ಬೆಂಗಳೂರಲ್ಲೇ ಗೊತ್ತಿತ್ತು."

ಮುಷ್ಟಿ ಬಿಗಿದು ಬಿಟ್ಟೆ. ದೀಪ ಹತ್ತಿತು.

ಜನ ಚಪ್ಪಾಳೆ ತಟ್ಟಿದರು. ಕನ್ನಡ ಬಾರದವರು, ಬೆಳಕು ಕಂಡಿತು, ಸಂತೋಷವಾಯಿತು. ಗಾಲಿಕುರ್ಚಿಯ ಮುದುಕ ನನಗೆ ತಲೆ ಬಗ್ಗಿಸಿದ. ನರ್ಸುಗಳು ಬಗ್ಗಿದರು. ಜೀವಮಾನದಲ್ಲಿ ನನಗೆ ಅಷ್ಟು ಜನ ಒಟ್ಟಿಗೆ ನಮಸ್ಕಾರ ಮಾಡಿದ್ದು ಅದೊಂದೇ ಸಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸವಿತಾ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ನಾಗ ನನ್ನನ್ನೇ ನೋಡುತ್ತಿದ್ದ. ಎಷ್ಟು ಹೊತ್ತೋ. ಚಪ್ಪಾಳೆ ನಿಂತಿತು. ಕುರ್ಚಿಯ ತೋಳಿನ ಮೇಲಿದ್ದ ಅವನ ಬಲಗೈ ನಡುಗಿತು. ಅರ್ಧ ಮುಚ್ಚಿದ ಬೆರಳುಗಳ ಮಧ್ಯದಿಂದ ತೋರುಬೆರಳು ಮೆಲ್ಲಗೆ, ಕದಲಿ, ನಿಂತು, ಮತ್ತೆ ಕದಲಿ, ನೆಟ್ಟಗಾಯಿತು. ಮುಂಗೈ ಗೇಣಷ್ಟು ಮೇಲೆದ್ದಿತು. ಬೆರಳು ದೀಪಕ್ಕೆ ಎತ್ತಿದ್ದಲ್ಲ. ನನಗೆ ಎತ್ತಿದ್ದು.

ಔಟ್.

ಸವಿತಾ ಓಡಿ ಬಂದು ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಅಣ್ಣಾರ! ಈ ಬೆರಳು ಯಾವಾಗಿಂದ ಏಳಾಕತ್ತೈತ್ರಿ?"

"ಮೊದ್ಲಿಂದ್ಲೂ ಏಳ್ತಿತ್ತೋ ಏನೋ" ಅಂದ ನಾಗ, ಕಣ್ಣನ್ನು ನನ್ನಿಂದ ತೆಗೆಯದೆ. "ಅಪೀಲ್ ಮಾಡ್ದೆ ಅಂಪೈರ್ ಔಟ್ ಕೊಡೋ ಹಾಗಿಲ್ಲಮ್ಮ. ಇವತ್ತೇ ಅಪೀಲ್ ಮಾಡಿದ್ದು ಇವಳು."

ಆಮೇಲೆ ನನಗೆ ಅಂದ, "ನೀನು ಹೊರಗೆ ಹೋಗು."

ಹೊರಗೆ

ಗೂಡಿನ ಆಚೆ, ಓಣಿಯ ಬೆಂಚಿನ ಮೇಲೆ ಕೂತೆ. ಸವಿತಾ ಬ್ಯಾಂಡು ಕಲಿತದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದಳು. ನನಗೆ ಮಾತು ಕೇಳಿಸುತ್ತಿತ್ತು, ಅವನು ಕಾಣುತ್ತಿರಲಿಲ್ಲ.

"ಮುಷ್ಟಿ ಬೇಡ್ರಿ ಅಣ್ಣಾರ. ನಿಮ್ಮ ಕೈಗೆ ಏನ್ ಗೊತ್ತೈತೋ ಅದನ್ನ ಕಲಸೂಣು. ನನಗ ಮೊದ್ಲ ತಿಳೀಬೇಕಿತ್ರಿ."

"ಲೈಟ್ ಹತ್ತೋಕೆ ಫೋರ್. ಆರೋಕೆ ಔಟ್. ಆಗುತ್ತಾ?"

"ಫೋರ್ ಅಂದ್ರ ಹೆಂಗ್ರಿ?"

"ಏನಮ್ಮ, ಕ್ರಿಕೆಟ್ಟೇ ನೋಡಲ್ವಾ ನೀನು? ಗದಗಲ್ಲಿ ಏನಾಡ್ತಾರೆ, ಕುಂಟೆಬಿಲ್ಲೆಯಾ?"

ಅವಳು ನಕ್ಕಳು. ಆಮೇಲೆ ಅವನ ಏದುಸಿರು. ಒಮ್ಮೆ ಕೋಲು ಬಿದ್ದ ಸದ್ದು. ನಾನು ಎದ್ದು ನಿಂತೆ, ಕೂತೆ. ಅವನು ಬಿದ್ದನೇನೋ, ನೀರು ಬೇಕೇನೋ, ಅಳುತ್ತಿದ್ದಾನೇನೋ. ನನ್ನ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತೆ. ಏಪ್ರನ್ನಿನ ಹೆಂಗಸು ಬಂದು ಹುರಿದ ಧಾನ್ಯದ ವಾಸನೆಯ ತಣ್ಣನೆ ಚಹಾ ಕೊಟ್ಟು ಪಕ್ಕದಲ್ಲಿ ಕೂತರು. ಏನಾಯಿತೆಂದು ಕೇಳಲಿಲ್ಲ. ಕೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ. ನನ್ನ ಜೊತೆ ಅವರೂ ಕಾದರು.

ಆ ದಿನ ಹಸಿರು ಬರಲಿಲ್ಲ. ಮಾರನೆಯ ದಿನವೂ ನನ್ನನ್ನು ಹೊರಗೇ ಕೂರಿಸಿದ. ಕೊನೆಯ ದಿನ ಮಧ್ಯಾಹ್ನ, ಪ್ರದರ್ಶನದ ಸಾಮಾನು ಕಟ್ಟುವ ಹೊತ್ತಿಗೆ, ಸವಿತಾ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. ಒಳಗೆ ಐದಾರು ಜನ ಉಳಿದಿದ್ದರು. ನಾಗ ಬಲಗೈಯನ್ನು ಎದೆಯ ಮುಂದೆ ಒಂದು ಚೂರು ಆಚೆಗೆ, ಒಂದು ಚೂರು ಈಚೆಗೆ ಬೀಸಿದ. ನೀರು ಚಿಮುಕಿಸುವ ಹಳೆಯ ನಯವಿಲ್ಲ, ಒದ್ದೆ ಬಟ್ಟೆ ಅಲ್ಲಾಡಿದ ಹಾಗೆ. ದೀಪ ಹತ್ತಿತು. ಬೆರಳೆತ್ತಿದ. ಆರಿತು. ಮತ್ತೆ ಬೀಸಿದ, ಹತ್ತಲಿಲ್ಲ. ಯಾರೂ ಅಲ್ಲಾಡಲಿಲ್ಲ. ನಾನೂ ಅಲ್ಲಾಡಲಿಲ್ಲ. ಬೀಸಿದ. ಹತ್ತಿತು.

ನನ್ನ ಕಡೆ ಅವನು ನೋಡಲಿಲ್ಲ.

ವಾಪಸ್

ವಿಮಾನದಲ್ಲಿ ಮತ್ತೆ ಅದೇ ಊಟದ ಡಬ್ಬಿ. ನನ್ನ ಕೈಗಳನ್ನು ಸೀಟುಬೆಲ್ಟಿನ ಕೆಳಗೆ ಸಿಕ್ಕಿಸಿಕೊಂಡೆ. ಅವನು ಡಬ್ಬಿಯನ್ನು ಬಲಗೈಯಿಂದ ಅದುಮಿ ಹಿಡಿದು ಎಡಗೈಯಿಂದ ಹಾಳೆ ಸುಲಿಯತೊಡಗಿದ. ಡಬ್ಬಿ ಜಾರಿತು. ಸಾರು ಬಿಳಿ ಶರಟಿನ ಮೇಲೆ ಚೆಲ್ಲಿತು. ಗಗನಸಖಿ ಓಡಿ ಬಂದಳು. ನಾನು ಮುಖದ ಮುಂದೆ ಅಂಗೈ ಆಡಿಸಿದೆ, ಬೇಡ ಅನ್ನಲು ಒಸಾಕಾದವರು ಮಾಡುವ ಹಾಗೆ. ಅವಳು ನಮ್ಮ ಮಂಗಳೂರು ಕಡೆಯ ಹುಡುಗಿ, ನೊಣ ಓಡಿಸುತ್ತಿದ್ದೇನೆ ಅಂದುಕೊಂಡಳೋ ಏನೋ. ಎಲ್ಲರ ತಟ್ಟೆ ವಾಪಸ್ ಹೋಗುವ ಹೊತ್ತಿಗೆ ಅವನ ಮೊದಲ ತುತ್ತು.

ಬೆಂಗಳೂರು ಹತ್ತಿರ ಬಂದಾಗ ಧೈರ್ಯ ಮಾಡಿ ಕೇಳಿದೆ. "ಆ ಔಟ್ ಇನ್ನೂ ಇದೆಯೇನೋ?"

"ಅಂಪೈರ್ ಕೊಟ್ಮೇಲೆ ಕೊಟ್ಟಂಗೆ" ಅಂದ. "ಬೌಂಡರಿ ಆಚೆ ಕೂತ್ಕೋ."

ಇಟ್ಟಮಡು

ಈಗ ಬ್ಯಾಂಡು ಅವನ ಕೈಯಲ್ಲೇ ಇರುತ್ತದೆ. ಫೋರ್ ಕೊಟ್ಟರೆ ನಡುಮನೆಯ ಲೈಟು, ಔಟ್ ಕೊಟ್ಟರೆ ಕತ್ತಲೆ. ಫ್ಯಾನಿಗೆ ಏನೋ ಹೊಸದು ಕಲಿಸುತ್ತಿದ್ದಾನೆ, ಅದು ಅವನಿಗೂ ಸವಿತಾಗೂ ಬಿಟ್ಟ ವಿಷಯ. ಕೆಲವು ಸಂಜೆ ಲೈಟು ಹತ್ತಲು ತಡವಾಗುತ್ತದೆ. ನಡುಮನೆ ಕತ್ತಲಲ್ಲಿ ಕೂತಿರುತ್ತದೆ, ಸ್ವಿಚ್ಚು ನನ್ನ ಭುಜದ ಪಕ್ಕದಲ್ಲೇ ಇರುತ್ತದೆ. ನಾನು ಅಡುಗೆಮನೆಯ ಹೊಸಿಲ ಮೇಲೆ ನಿಂತಿರುತ್ತೇನೆ. ಪಕ್ಕದ ಮನೆಯವರು, "ಏನ್ರೀ ಜಯಮ್ಮ, ಕರೆಂಟ್ ಹೋಗಿದ್ಯಾ?" ಅನ್ನುತ್ತಾರೆ. ಇಲ್ಲ, ಬರುತ್ತೆ ಅನ್ನುತ್ತೇನೆ.

ಅವನು ನನ್ನ ಹತ್ತಿರ ಮಾತಾಡುತ್ತಾನೆ, ಗೇಲಿ ಮಾಡುತ್ತಾನೆ, ಉಪ್ಪು ಸಾಲದು ಅನ್ನುತ್ತಾನೆ. ಆದರೆ ತೀರ್ಪು ಹಿಂತೆಗೆದುಕೊಂಡಿಲ್ಲ.

ಮೊನ್ನೆ ಬಟ್ಟೆ ಮಡಿಸುತ್ತಿದ್ದೆ. ಅವನು ಕನ್ನಡಿಯ ಮುಂದೆ ಕೂತು, ನಾನು ನೋಡುತ್ತಿಲ್ಲ ಅಂದುಕೊಂಡು, ಹಿಂದೆ ಮೈದಾನದಿಂದ ಬಂದು ನನಗೆ ತೋರಿಸಿದ್ದ ಹಾಗೆ ಎಡಗೈಯನ್ನು ಎದೆಯ ಮೇಲೆ ಅಡ್ಡ ಹಾಕಿ ಬಲಭುಜ ಮುಟ್ಟಿದ. ಆಮೇಲೆ ಬಲಗೈ ಎತ್ತಿದ. ತೊಡೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಎದೆಗೆ, ಶರಟಿನ ಗುಂಡಿ ಗುಂಡಿಯನ್ನೂ ಹಿಡಿದು ಏಣಿ ಹತ್ತುವ ಹಾಗೆ ಆ ಕೈ ಮೇಲೇರಿತು. ಜೇಬಿನವರೆಗೆ ಬಂತು. ಅಲ್ಲಿ ನಿಂತು ನಡುಗಿತು. ಎಡಭುಜಕ್ಕೆ ಇನ್ನೊಂದು ಗೇಣು.

ನನಗೆ ಎರಡೇ ಹೆಜ್ಜೆ. ಆ ಕೈ ಹಿಡಿದು ಭುಜದ ಮೇಲೆ ಇಟ್ಟುಬಿಡಬಹುದಿತ್ತು.

ಕೈ ಜಾರಿ ತೊಡೆಯ ಮೇಲೆ ಬಿತ್ತು. ಅವನು ಉಸಿರು ಬಿಟ್ಟು, ಸ್ವಲ್ಪ ಹೊತ್ತು ಕೂತು, ಮತ್ತೆ ಎತ್ತಿದ. ನಾನು ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದೆ.